ಹರಿವೆಯೋ, ಪಾಲಕ್ಕೋ? ಸೊಪ್ಪು ಬೆಳೆಯೋರು ತಿಳ್ಕೊಂಡಿರಬೇಕಾದ ಪೋಷಕಾಂಶದ ಲೆಕ್ಕ



ಶಿವಮೊಗ್ಗದಲ್ಲಿ ಸೊಪ್ಪು ಮಾರುವವರಿಗೆ ಇದು ದಿನಾ ಕಾಣುವ ಸಂಗತಿ. ಪಾಲಕ್ ಕೇಳಿ ತಗೊಳ್ತಾರೆ, ಹರಿವೆಗೆ ಚೌಕಾಶಿ ಮಾಡ್ತಾರೆ. "ಪಾಲಕ್‌ನಲ್ಲಿ ಕಬ್ಬಿಣಾಂಶ ಜಾಸ್ತಿ ಅಲ್ವಾ" ಅನ್ನೋದು ಎಲ್ಲರ ಬಾಯಲ್ಲೂ ಇದೆ. ಪಕ್ಕದಲ್ಲೇ ಇರೋ ಹರಿವೆ ಕಟ್ಟಿನ ಮಟ್ಟಿಗೆ ಹಿತ್ತಲ ಗಿಡ ಮದ್ದಲ್ಲ! ಇದನ್ನು ನೋಡಿ ನಮ್ಮ ಭದ್ರಾವತಿ ಕಡೆ ಕೆಲವು ಹುಡುಗರು ಹರಿವೆ ಮಡಿ ಕಿತ್ತು ಪಾಲಕ್ ಹಾಕೋಕೆ ಹೊರಟಿದ್ದಾರೆ.

ನಾನು ತೋಟಗಾರಿಕೆ ಪದವಿ ಓದಿ ಈಗ ಸಾವಯವವಾಗಿ ಎರಡೂ ಸೊಪ್ಪು ಬೆಳೀತೀನಿ. ಮಡಿ ಕೀಳೋ ಮುಂಚೆ ಒಂದ್ಸಲ ಲೆಕ್ಕ ನೋಡಿ ಅನ್ನೋದೇ ಈ ವಾರದ ಪಾಠ.

ಮೊದಲು ಗಿಡದ ಪರಿಚಯ

ನಾವು ಹರಿವೆ ಅನ್ನೋದನ್ನೇ ಬಯಲುಸೀಮೆಯಲ್ಲಿ ದಂಟಿನ ಸೊಪ್ಪು ಅಂತಾರೆ. ನಮ್ಮಲ್ಲಿ ಪಾಲಕ್ ಅಂತ ಹೆಚ್ಚಾಗಿ ಬೆಳೆಯೋದು ಬೀಟ್‌ರೂಟ್‌ನ ಹತ್ತಿರದ ನೆಂಟ. ವಿದೇಶದ ಸ್ಪಿನಾಚ್ ಬೇರೆಯೇ ಗಿಡ. ಈ ಮೂರೂ ಅಮರಾಂತೇಸಿ ಅನ್ನೋ ಒಂದೇ ಕುಟುಂಬಕ್ಕೆ ಸೇರಿದವು. ಮೊಬೈಲ್‌ನಲ್ಲಿ "ಪಾಲಕ್ ಪೋಷಕಾಂಶ" ಅಂತ ಹುಡುಕಿದರೆ ಸಿಗುವ ಅಂಕಿ ಸಾಮಾನ್ಯವಾಗಿ ಸ್ಪಿನಾಚ್‌ದೇ ಆಗಿರುತ್ತೆ. ಇದು ನೆನಪಿರಲಿ.

ಅಂಕಿ ಏನು ಹೇಳುತ್ತೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿ ಪ್ರಕಟಿಸಿದೆ. ಅದರಲ್ಲಿ ಪಾಲಕ್ ಇರೋದು ಸ್ಪಿನಾಚ್ ಹೆಸರಲ್ಲಿ. 100 ಗ್ರಾಂ ಹಸಿ ಸೊಪ್ಪಿನ ಲೆಕ್ಕ ಸುಮಾರಾಗಿ ಹೀಗಿದೆ:

- ಪ್ರೋಟೀನ್: ಹಸಿರು ಹರಿವೆ 3.3 ಗ್ರಾಂ, ಪಾಲಕ್ 2.1 ಗ್ರಾಂ
- ಕಬ್ಬಿಣ: ಹರಿವೆ 4.6 ಮಿ.ಗ್ರಾಂ, ಪಾಲಕ್ 3 ಮಿ.ಗ್ರಾಂ
- ಕ್ಯಾಲ್ಸಿಯಂ: ಹರಿವೆ 330 ಮಿ.ಗ್ರಾಂ, ಪಾಲಕ್ 82 ಮಿ.ಗ್ರಾಂ
- ವಿಟಮಿನ್ ಸಿ: ಹರಿವೆ 84 ಮಿ.ಗ್ರಾಂ, ಪಾಲಕ್ 30 ಮಿ.ಗ್ರಾಂ
- ಫೋಲೇಟ್: ಹರಿವೆ 70 ಮೈಕ್ರೋಗ್ರಾಂ, ಪಾಲಕ್ 142 ಮೈಕ್ರೋಗ್ರಾಂ

ಕೆಂಪು ಹರಿವೆಯಲ್ಲಿ ಕಬ್ಬಿಣ ಇನ್ನೂ ಜಾಸ್ತಿ, 7 ಮಿ.ಗ್ರಾಂ ದಾಟುತ್ತೆ. ಐದರಲ್ಲಿ ನಾಲ್ಕು ಕಡೆ ಹರಿವೆಯೇ ಮುಂದು. ಪಾಲಕ್ ಗೆಲ್ಲೋದು ಫೋಲೇಟ್‌ನಲ್ಲಿ, ಅದೂ ಎರಡರಷ್ಟು. ಹೊಸ ರಕ್ತಕಣ ಹುಟ್ಟೋಕೆ ಫೋಲೇಟ್ ಬೇಕು, ಗರ್ಭಿಣಿಯರಿಗಂತೂ ಬೇಕೇ ಬೇಕು. ಹಾಗಾಗಿ ಪಾಲಕ್‌ನ್ನು ತಳ್ಳಿಹಾಕೋ ಹಾಗಿಲ್ಲ.

ಎಲೆಯಲ್ಲಿ ಇದ್ದದ್ದೆಲ್ಲ ಮೈಗೆ ಹತ್ತಲ್ಲ

ಇಲ್ಲೇ ತುಂಬಾ ಜನ ಎಡವೋದು. ಈ ಕುಟುಂಬದ ಸೊಪ್ಪುಗಳಲ್ಲಿ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ. ಅದು ಕ್ಯಾಲ್ಸಿಯಂನ್ನು ಕಟ್ಟಿಹಾಕುತ್ತೆ. ಸ್ಪಿನಾಚ್‌ನ ಕ್ಯಾಲ್ಸಿಯಂ ದೇಹಕ್ಕೆ ಸೇರೋದು ಶೇ. 5ರ ಆಸುಪಾಸು, ಹಾಲಿನದಾದರೆ ಶೇ. 25ಕ್ಕೂ ಹೆಚ್ಚು. ಹರಿವೆಯ 330 ನೋಡಿ "ಹಾಲಿಗಿಂತ ಮೇಲು" ಅಂತ ಬೋರ್ಡ್ ಬರೆಯೋಕೆ ಹೋಗಬೇಡಿ.

ಕಬ್ಬಿಣದ ಕಥೆಯೂ ಅಷ್ಟೇ. ಸೊಪ್ಪಿನ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ರಕ್ತಕ್ಕೆ ಸೇರಲ್ಲ. ಜೊತೆಗೆ ವಿಟಮಿನ್ ಸಿ ಇದ್ದರೆ ಹೀರಿಕೆ ಹೆಚ್ಚುತ್ತೆ, ಊಟದ ಬೆನ್ನಲ್ಲೇ ಕಾಫಿ-ಟೀ ಕುಡಿದರೆ ಇಳಿಯುತ್ತೆ.

ಇದು ಬರೀ ಪುಸ್ತಕದ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿ ಇರೋ ರಾಜ್ಯದಲ್ಲಿ ಮೈಯಲ್ಲಿ ಕಬ್ಬಿಣ ಇಲ್ಲದ ಸ್ಥಿತಿ! ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕು ಅಂತ ಐಸಿಎಂಆರ್ 2020ರಲ್ಲಿ ಹೇಳಿದೆ. 100 ಗ್ರಾಂ ಹರಿವೆಯಲ್ಲಿ ಇರೋದು ಅದರ ಆರನೇ ಒಂದು ಭಾಗ. ಅಂದರೆ ಸೊಪ್ಪು ದಿನದ ಊಟದ ಒಳ್ಳೆಯ ಭಾಗ, ಆದರೆ ಔಷಧಿ ಅಲ್ಲ. ರಕ್ತ ಕಡಿಮೆ ಇರೋರು ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ನಮ್ಮ ಸೊಪ್ಪು ನಂಬಿ ಕೂರಬಾರದು. ಇದನ್ನು ಬೆಳೆದವರೇ ಬಾಯಿಬಿಟ್ಟು ಹೇಳಬೇಕು.

ಹೊಲದ ಲೆಕ್ಕ

ಹರಿವೆ ಸಿ4 ವರ್ಗದ ಗಿಡ, ಜೋಳ-ಕಬ್ಬಿನ ಹಾಗೆ. ಬಿಸಿಲು ಏರಿದಷ್ಟೂ ಚುರುಕಾಗಿ ಬೆಳೆಯುತ್ತೆ. ಪಾಲಕ್‌ಗೆ ತಂಪು ಬೇಕು. ಬೇಸಿಗೆಯಲ್ಲಿ ಬೇಗ ಹೂದಂಡೆ ಬಿಟ್ಟು ಎಲೆ ಸಣ್ಣದಾಗುತ್ತೆ. ಹಾಗಾಗಿ ನನ್ನ ಪದ್ಧತಿ ಸರಳ: ನವೆಂಬರ್‌ನಿಂದ ಫೆಬ್ರವರಿವರೆಗೆ ಪಾಲಕ್‌ಗೆ ಹೆಚ್ಚು ಮಡಿ, ಮಾರ್ಚ್‌ನಿಂದ ಮೇವರೆಗೆ ಹರಿವೆಗೆ ಹೆಚ್ಚು ಮಡಿ. ಮಳೆಗಾಲದಲ್ಲಿ ಎರಡಕ್ಕೂ ಏರುಮಡಿ ಬೇಕು. ನೀರು ನಿಂತರೆ ಬೇರು ಕೊಳೆಯುತ್ತೆ. ಹರಿವೆ ಎಲೆಯ ಅಡಿಯಲ್ಲಿ ಬಿಳಿ ತುಕ್ಕಿನ ಗುಳ್ಳೆ ಕಂಡರೆ ಆ ಎಲೆ ಕಿತ್ತು ಹೊಲದಿಂದ ಆಚೆ ಹಾಕಿ.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಹಸಿರು ಹರಿವೆಗೆ ಅರ್ಕಾ ಸುಗುಣ, ಕೆಂಪಿಗೆ ಅರ್ಕಾ ಅರುಣಿಮಾ, ಪಾಲಕ್‌ಗೆ ಅರ್ಕಾ ಅನುಪಮಾ ಇವೆ. ಅರ್ಕಾ ಸುಗುಣ ಸುಮಾರು 25 ದಿನಕ್ಕೆ ಮೊದಲ ಕೊಯ್ಲಿಗೆ ಬರುತ್ತೆ, 90 ದಿನದಲ್ಲಿ 5–6 ಸಲ ಕೊಯ್ಯಬಹುದು. ಹರಿವೆ ಬೀಜ ತೀರಾ ಸಣ್ಣದು, ಮರಳಿನ ಜೊತೆ ಬೆರೆಸಿಯೇ ಬಿತ್ತಿ.

ಕೊಯ್ಲಿನಿಂದ ಪೇಟೆವರೆಗೆ

ಪಟ್ಟಿಯಲ್ಲಿರೋ ವಿಟಮಿನ್ ಸಿ ತಾಜಾ ಸೊಪ್ಪಿನದು. ಬಾಡಿದಷ್ಟೂ ಅದು ಕರಗುತ್ತೆ. ಭದ್ರಾವತಿಯಿಂದ ಶಿವಮೊಗ್ಗ 20 ಕಿ.ಮೀ. ಆಸುಪಾಸು ಅಷ್ಟೇ. ದೂರದಿಂದ ಲಾರಿಯಲ್ಲಿ ಬರೋ ಸೊಪ್ಪಿಗೆ ಇಲ್ಲದ ಅನುಕೂಲ ನಮಗಿದೆ, ಅದನ್ನು ಬಳಸಿಕೊಳ್ಳಿ.

- ಬಿಸಿಲೇರೋ ಮುಂಚೆ ಕೊಯ್ದು ಕೂಡಲೇ ನೆರಳಿಗೆ ಹಾಕಿ.
- ಬೈಕಿನಲ್ಲಿ ಒಯ್ಯುವಾಗ ಒದ್ದೆ ಗೋಣಿಚೀಲ ಮುಚ್ಚಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದರೆ ಬೆವೆತು ಕೊಳೆಯುತ್ತೆ.
- ಚಾನಲ್ ನೀರಲ್ಲೋ ಚರಂಡಿ ನೀರಲ್ಲೋ ತೊಳೆಯಬೇಡಿ, ಬೋರಿನ ಶುದ್ಧ ನೀರು ಬಳಸಿ.
- ಜೀವಾಮೃತ ಮಣ್ಣಿಗೆ ಕೊಡಿ. ಕೊಯ್ಲು ಹತ್ತಿರವಿರುವಾಗ ಎಲೆ ಮೇಲೆ ಸಿಂಪಡಿಸಬೇಡಿ, ಸಗಣಿಯ ರೋಗಾಣು ಸೊಪ್ಪಿನ ಜೊತೆ ಅಡುಗೆಮನೆ ಸೇರುತ್ತೆ.
- ಸಾರಜನಕ ಅತಿಯಾದರೆ ಎಲೆಯಲ್ಲಿ ನೈಟ್ರೇಟ್ ಸೇರಿಕೊಳ್ಳುತ್ತೆ. ಕಪ್ಪು ಹಸಿರು ಬರಲಿ ಅಂತ ಗೊಬ್ಬರ ಸುರಿಯಬೇಡಿ.

ಗಿರಾಕಿಗೆ ಏನು ಹೇಳಬೇಕು?

"ಅಕ್ಕಾ, ಇವತ್ತು ಹರಿವೆ ತಗೊಳ್ಳಿ, ಮುಂದಿನ ಸಲ ಪಾಲಕ್ ತಗೊಳ್ಳಿ. ಒಂದರಲ್ಲಿ ಕಬ್ಬಿಣ, ವಿಟಮಿನ್ ಸಿ ಜಾಸ್ತಿ, ಇನ್ನೊಂದರಲ್ಲಿ ಫೋಲೇಟ್ ಜಾಸ್ತಿ." ಇಷ್ಟು ಸಾಕು. ಜೊತೆಗೆ ಅಡುಗೆಯ ಮಾತೂ ಸೇರಿಸಿ. ತೊಳೆದ ಮೇಲೆ ಹೆಚ್ಚಿ, ಹೆಚ್ಚಿಟ್ಟು ನೀರಲ್ಲಿ ನೆನೆಸಬೇಡಿ. ಪಲ್ಯ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಬಸ್ಸಾರು ಮಾಡಿದರೆ ಬೇಯಿಸಿದ ನೀರಿಗೆ ಇಳಿದ ಫೋಲೇಟ್ ಸಾರಿನಲ್ಲೇ ಉಳಿಯುತ್ತೆ, ಹಿರಿಯರ ಅಡುಗೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಕಿಡ್ನಿಯಲ್ಲಿ ಕಲ್ಲು ಆಗಿರುವವರು ಮನೆಯಲ್ಲಿದ್ದರೆ ವಿಷಯ ಬೇರೆ. ಆಕ್ಸಲೇಟ್ ಆ ನೀರಿಗೇ ಇಳಿಯುತ್ತೆ, ಅಂಥವರು ನೀರು ಬಸಿದು ಚೆಲ್ಲಬೇಕು. ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನೇ ಕೇಳಲಿ.

ಒಟ್ಟಿನಲ್ಲಿ ಪಾಲಕ್‌ಗೆ ಬೇಡಿಕೆ ಇದ್ದರೆ ಬೆಳೀರಿ, ತಪ್ಪಿಲ್ಲ. ಆದರೆ ಅದಕ್ಕಾಗಿ ಹರಿವೆ ಮಡಿ ಕೀಳಬೇಡಿ. ಬೇಸಿಗೆಯಲ್ಲಿ ಪಾಲಕ್ ಕೈಕೊಟ್ಟಾಗ ನಿಮ್ಮ ಕೈಯಲ್ಲಿ ದುಡ್ಡು ಇರೋ ಹಾಗೆ ನೋಡ್ಕೊಳ್ಳೋದು ಹರಿವೆಯೇ. ಮೇಲಿನ ಐದು ಸಾಲಿನ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ನಾಳೆ ಯಾರಾದರೂ ಚೌಕಾಶಿಗೆ ನಿಂತರೆ ವಾದ ಮಾಡಬೇಡಿ, ಮೊಬೈಲ್ ತೋರಿಸಿ.