ಬದಲಿ ಹೃದಯದೊಂದಿಗೆ ಬೈಕಿನಲ್ಲಿ ಕಾಶಿಗೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಹೃದಯ ಕಸಿ ಮಾಡಿಸಿಕೊಂಡು ಚೇತರಿಸಿಕೊಂಡ, ಬೈಕಿನ ಹುಚ್ಚನ್ನು ಮಾತ್ರ ಬಿಡದ ಸವಾರರಿಗೆ. ಅದರಲ್ಲೂ ಕಾಶಿಯ ದಾರಿ ಹಿಡಿಯಬೇಕೆಂದು ಕೂತವರಿಗೆ. ಹಳೆಯ ರಾಷ್ಟ್ರೀಯ ಹೆದ್ದಾರಿ 7 ಕಾಶಿಯಲ್ಲಿ ಹುಟ್ಟಿ ಜಬಲಪುರ, ನಾಗಪುರ, ಹೈದರಾಬಾದ್, ಬೆಂಗಳೂರು ದಾಟಿ ಕನ್ಯಾಕುಮಾರಿಗೆ ಹೋಗುತ್ತಿತ್ತು. ಈಗ ಅದರ ನಂಬರುಗಳು ಬದಲಾಗಿವೆ. ದಾರಿ ಹೆಚ್ಚುಕಡಿಮೆ ಅದೇ, ಬೆಂಗಳೂರಿನಿಂದ ಸುಮಾರು 1,800 ಕಿಲೋಮೀಟರ್. ನಮ್ಮ ಕಡೆಯ ಸವಾರರಿಗೆ ಈ ದಾರಿಯ ಮೇಲೆ ಮೊದಲಿನಿಂದಲೂ ಕಣ್ಣು.

ಗಾಡಿ ಮುಟ್ಟಲೇಬೇಡಿ ಎನ್ನುವವರು ಮನೆಯಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಇಲ್ಲಿ ಹಾಗೆ ಹೇಳುವುದಿಲ್ಲ. ಆದರೆ ಒಂದು ಮಾತು ತಿಳಿದಿರಲಿ: ಈ ಯಾತ್ರೆಯಲ್ಲಿ ರಸ್ತೆಗೆ ಹೆದರುವುದಕ್ಕಿಂತ ಹೆಚ್ಚು ತೀರ್ಥಕ್ಕೆ ಹೆದರಬೇಕು, ಏಕೆಂದರೆ ದೊಡ್ಡ ಅಪಾಯ ಸೋಂಕಿನದು. ಮೊದಲ ಕಸಿಯಲ್ಲೇ ಇದು ಕಂಡಿತು. 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಜಗತ್ತಿನ ಮೊದಲ ಹೃದಯ ಕಸಿ ಮಾಡಿದರು. ಹೃದಯ ಪಡೆದ ಲೂಯಿ ವಾಶ್ಕಾನ್ಸ್ಕಿ 18 ದಿನ ಬದುಕಿ ತೀರಿಕೊಂಡರು, ನ್ಯುಮೋನಿಯಾದಿಂದ. ಹೊಸ ಹೃದಯವನ್ನು ದೇಹ ತಳ್ಳದಿರಲೆಂದು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸಿದ್ದರು, ಸೋಂಕು ಒಳಗೆ ಬಂತು. ಔಷಧ ಈಗ ಬಹಳ ಸುಧಾರಿಸಿದೆ, ಕಸಿಯ ನಂತರ ಹತ್ತು ವರ್ಷ ದಾಟಿ ಬದುಕುವವರು ಅಪರೂಪವಲ್ಲ. ಆದರೂ ನಿಮ್ಮ ಕೋಟೆಯ ಬಾಗಿಲನ್ನು ನೀವೇ ಮಾತ್ರೆ ನುಂಗಿ ದಿನಕ್ಕೆರಡು ಸಲ ಅರ್ಧ ತೆರೆದಿಡುತ್ತೀರಿ ಎಂಬುದು ಇವತ್ತಿಗೂ ಸತ್ಯ.

ಹೊರಡುವ ಮುನ್ನ

ಮೊದಲ ವರ್ಷ ದೂರದ ಸವಾರಿ ಕೂಡದು. ದೇಹ ಹೊಸ ಹೃದಯವನ್ನು ತಳ್ಳುವ ಸಂಭವ ಹೆಚ್ಚಿರುವುದು ಆಗಲೇ. ಕತ್ತಿನ ರಕ್ತನಾಳದಿಂದ ತಂತಿ ಇಳಿಸಿ ಮಾಡುವ ಬಯಾಪ್ಸಿಗಳೂ ಆಗಲೇ ಹೆಚ್ಚು.

ಎದೆಮೂಳೆ ಕೂಡುವ ತನಕ ಹಿಂದಿನ ಸೀಟಿನಲ್ಲೂ ಕೂರಬೇಡಿ. ಶಸ್ತ್ರಚಿಕಿತ್ಸೆಯಲ್ಲಿ ಆ ಮೂಳೆಯನ್ನು ಉದ್ದಕ್ಕೆ ಸೀಳಿ ಆಮೇಲೆ ತಂತಿಯಿಂದ ಬಿಗಿದಿರುತ್ತಾರೆ. ಅದು ಗಟ್ಟಿಯಾಗಲು ಎರಡು ಮೂರು ತಿಂಗಳಾದರೂ ಬೇಕು. ಗಾಡಿಯ ವಿಷಯದಲ್ಲಿ ಇನ್ನೂ ತಾಳ್ಮೆ ಬೇಕು, ಏಕೆಂದರೆ ಎದೆಗೆ ಪೆಟ್ಟು ಓಡಿಸುವಾಗಲೇ ಬೀಳಬೇಕೆಂದಿಲ್ಲ. ಇನ್ನೂರು ಕೆ.ಜಿ. ಹತ್ತಿರದ ಬುಲೆಟ್ಟನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ಎಳೆದು ನಿಲ್ಲಿಸುವಾಗ ಎರಡೂ ತೋಳಿನ ಭಾರ ಸೇರುವುದು ಆ ಮೂಳೆಯ ಮೇಲೆ. ವರ್ಷಗಳು ಕಳೆದ ಮೇಲೂ ಗಾಡಿ ಎತ್ತುವ ಕೆಲಸವನ್ನು ಜೊತೆಗಾರರಿಗೆ ಬಿಡಿ. ಒಬ್ಬರೇ ಹೊರಡಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಕಸಿ ಮಾಡಿದ ಆಸ್ಪತ್ರೆಯ ವೈದ್ಯರ ಒಪ್ಪಿಗೆ ಬಾಯಿಮಾತಿನಲ್ಲಿ ಸಾಲದು, ಬರಹದಲ್ಲಿ ಪಡೆಯಿರಿ. ಹೆಲ್ಮೆಟ್ಟಿನ ಹೊರಗೆ ಒಂದು ಚೀಟಿ ಅಂಟಿಸಿ, ಜೇಬಿನಲ್ಲಿ ಇನ್ನೊಂದಿರಲಿ. ಹಿಂದಿ, ಇಂಗ್ಲಿಷ್ ಎರಡರಲ್ಲೂ ಬರೆಸಿ: ಹೃದಯ ಕಸಿ ಆಗಿದೆ, ಈ ಈ ಮಾತ್ರೆ ನಡೆಯುತ್ತಿದೆ, ಸ್ಟೀರಾಯ್ಡ್ ಥಟ್ಟನೆ ನಿಲ್ಲಿಸಬಾರದು, ಹೃದಯ ಬಡಿತ ಇಳಿದರೆ ಅಟ್ರೊಪಿನ್ ನೆಚ್ಚಬೇಡಿ, ಮೊದಲು ಈ ನಂಬರಿಗೆ ಫೋನ್ ಮಾಡಿ. ಅಟ್ರೊಪಿನ್ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಸಿ. ಅದು ನರದ ಮೂಲಕ ಕೆಲಸ ಮಾಡುವ ಚುಚ್ಚುಮದ್ದು, ನಿಮ್ಮ ಹೃದಯಕ್ಕೆ ಆ ನರವೇ ಕೂಡಿಲ್ಲ.

ಈ ಹೃದಯದ ನಡೆ ಬೇರೆ

ಇದನ್ನು ಸವಾರರು ಚೆನ್ನಾಗಿ ತಿಳಿಯಬೇಕು, ಹೆಚ್ಚಿನವರು ತಿಳಿಯದೆಯೇ ಹೊರಡುತ್ತಾರೆ. ಕಸಿಯಲ್ಲಿ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಹೊಲಿಯಲು ಬರುವುದಿಲ್ಲ. ಮಿದುಳಿನಿಂದ ಹೃದಯಕ್ಕೆ ಇದ್ದ ನೇರ ಸಂಪರ್ಕ ಕಡಿದಿರುತ್ತದೆ. ಕೆಲವರಲ್ಲಿ ವರ್ಷಗಳ ಮೇಲೆ ಒಂದಿಷ್ಟು ನರ ಮತ್ತೆ ಬೆಳೆಯುತ್ತದೆ, ಅದನ್ನು ನಂಬಿ ಕೂರಬೇಡಿ. ವೇಗ ತಗ್ಗಿಸುವ ನರದ ಹಿಡಿತ ಇಲ್ಲದ್ದರಿಂದ ಸುಮ್ಮನೆ ಕೂತಾಗಲೂ ಬಡಿತ ನಿಮಿಷಕ್ಕೆ 90ರಿಂದ 110ರವರೆಗೆ ಇರಬಹುದು. ಕೈಗಡಿಯಾರ ಬೀಪ್ ಎಂದಾಗಲೆಲ್ಲ ಹೆದ್ದಾರಿಯ ಬದಿಯಲ್ಲಿ ನಿಲ್ಲುತ್ತಾ ಹೋದರೆ ನಾಗಪುರವನ್ನೂ ಮುಟ್ಟುವುದಿಲ್ಲ. ನಿಮ್ಮ ಮಾಮೂಲಿ ಬಡಿತ ಎಷ್ಟೆಂದು ವೈದ್ಯರಿಂದ ತಿಳಿದುಕೊಂಡು ಹೊರಡಿ.

ಲಾರಿಯೊಂದು ಅಡ್ಡ ಬರುತ್ತದೆ, ನೀವು ಬ್ರೇಕ್ ಒತ್ತಿ ಪಾರಾಗುತ್ತೀರಿ. ಬೇರೆಯವರಿಗೆ ಆ ಕ್ಷಣವೇ ಎದೆ ಢವಗುಟ್ಟುತ್ತದೆ. ನಿಮಗೆ ರಕ್ತದಲ್ಲಿ ಹರಿದುಬರುವ ಅಡ್ರಿನಲಿನ್ ಹೃದಯ ಮುಟ್ಟಿದ ಮೇಲೆ, ಢಾಬಾದಲ್ಲಿ ಚಹಾಕ್ಕೆ ಕೂತಾಗ ಢವಗುಟ್ಟಲು ಶುರುವಾಗಬಹುದು, ಇಳಿಯುವುದಕ್ಕೂ ಹೊತ್ತು ಹಿಡಿಯುತ್ತದೆ. ಆ ಬಡಿತ ಇಳಿಯುವ ತನಕ ಮತ್ತೆ ಗಾಡಿ ಹತ್ತಬೇಡಿ. ಬೆಳಿಗ್ಗೆ ಎದ್ದವರೇ ಕಿಕ್ ಹೊಡೆಯುವುದು ಬೇಡ. ಐದು ಹತ್ತು ನಿಮಿಷ ನಡೆದಾಡಿ, ಆಮೇಲೆ ಗಾಡಿ. ಗಂಟೆಗಟ್ಟಲೆ ಓಡಿಸಿ ನಿಲ್ಲಿಸಿದಾಗ ಸೀಟಿನಿಂದ ಧುಮುಕಬೇಡಿ, ತಲೆ ತಿರುಗುತ್ತದೆ.

ಇನ್ನೊಂದು ಗಂಭೀರ ವಿಷಯ. ಹೃದಯದ ರಕ್ತನಾಳ ಕಟ್ಟಿಕೊಂಡರೂ ಈ ಹೃದಯ ನೋವನ್ನು ಹೇಳದೇ ಇರಬಹುದು. ಏದುಸಿರು, ಕಾರಣವಿಲ್ಲದ ಸುಸ್ತು, ಕಾಲು ಊತ ಇವೇ ಅದರ ಭಾಷೆ. ವರ್ಷವರ್ಷದ ತಪಾಸಣೆಗೆ ಕರೆದಾಗ "ನನಗೇನೂ ಆಗುತ್ತಿಲ್ಲ" ಎಂದು ತಪ್ಪಿಸಿಕೊಳ್ಳಬಾರದು. ಏನೂ ಅನಿಸದಿರುವುದರಿಂದಲೇ ಆ ತಪಾಸಣೆ ಬೇಕು.

ಮಾತ್ರೆ

ಬೆಳಿಗ್ಗೆ 8 ಎಂದರೆ 8, ರಾತ್ರಿ 8 ಎಂದರೆ 8. ಬೆಳಗಿನ ಹೊತ್ತಿಗೆ ಗಾಡಿ ಎಲ್ಲಿದ್ದರೂ ನಿಲ್ಲಲಿ. ಮರೆತರೆ ಮುಂದಿನ ಸಲ ಎರಡು ಸೇರಿಸಿ ನುಂಗುವುದು ಕೂಡದು, ನಿಮ್ಮ ಆಸ್ಪತ್ರೆಯ ಕಸಿ ಸಂಯೋಜಕರಿಗೆ ಫೋನ್ ಮಾಡಿ ಕೇಳಿ. ವಾಂತಿಯಾದರೂ ಭೇದಿಯಾದರೂ ಫೋನ್ ಮಾಡಿ. ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ಟ್ಯಾಕ್ರೋಲಿಮಸ್‌ನ ಪ್ರಮಾಣ ಭೇದಿಯಲ್ಲಿ ರಕ್ತದಲ್ಲಿ ಏರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು. ನೀರು ಕಡಿಮೆ ಕುಡಿದರೂ ಅಷ್ಟೇ.

ಮಾತ್ರೆಯನ್ನು ಎರಡು ಪಾಲು ಮಾಡಿ ಇಬ್ಬರ ಚೀಲದಲ್ಲಿಡಿ. ಬಿಸಿಲಲ್ಲಿ ಕಾಯುವ ಟ್ಯಾಂಕಿನ ಚೀಲದಲ್ಲಾಗಲಿ ಪಕ್ಕದ ಪೆಟ್ಟಿಗೆಯಲ್ಲಾಗಲಿ ಇಡಬೇಡಿ. ಬೇಸಿಗೆಯಲ್ಲಿ ವಿದರ್ಭವೂ ಕಾಶಿಯೂ 45 ಡಿಗ್ರಿ ಮುಟ್ಟುವ ಜಾಗಗಳು. ನಮ್ಮ ಮಟ್ಟಿಗೆ ಏಪ್ರಿಲ್‌ನಿಂದ ಮಳೆಗಾಲ ಮುಗಿಯುವ ತನಕ ಈ ಯಾತ್ರೆಯನ್ನು ಯೋಚಿಸುವುದೇ ತಪ್ಪು, ಡಿಸೆಂಬರ್ ಜನವರಿಯ ಮಂಜೂ ಬೇಡ.

ಮಾತ್ರೆ ಮುಗಿಯಿತೆಂದು ಕಾಶಿಯ ಲಂಕಾ ಬಡಾವಣೆಯ ಔಷಧ ಅಂಗಡಿಯಲ್ಲಿ "ಅದೇ ಔಷಧ, ಕಂಪನಿ ಮಾತ್ರ ಬೇರೆ" ಎಂದು ಕೊಟ್ಟದ್ದನ್ನು ತಗೊಳ್ಳಬೇಡಿ. ಕಂಪನಿ ಬದಲಾದರೆ ರಕ್ತದಲ್ಲಿ ಅದರ ಮಟ್ಟ ಬದಲಾಗಬಹುದು, ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಬೆನ್ನುನೋವಿಗೆ ಡೈಕ್ಲೊಫಿನಾಕ್, ಐಬುಪ್ರೊಫೆನ್ ನುಂಗುವುದು ಸವಾರರ ಚಟ, ಅದು ನಿಮಗೆ ಮುಗಿದ ಅಧ್ಯಾಯ. ಗಂಟಲುನೋವಿಗೆ ಯಾರೋ ಕೊಟ್ಟ ಆಂಟಿಬಯೋಟಿಕ್ ಕೂಡ ಬೇಡ, ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಟ್ಯಾಕ್ರೋಲಿಮಸ್ ಮಟ್ಟವನ್ನು ಮೇಲೇರಿಸುತ್ತವೆ. ಶಕ್ತಿ ಬರಲೆಂದು ಅಮೃತಬಳ್ಳಿ ಕಷಾಯ, ಅಶ್ವಗಂಧ ಕುಡಿಸುವ ನೆಂಟರಿಗೆ ಕೈಮುಗಿದು ಬೇಡವೆನ್ನಿ. ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಅವರು ಹಾರೈಸುತ್ತಾರೆ, ಹೆಚ್ಚಿದರೆ ಅದು ಮೊದಲು ಮುಗಿಬೀಳುವುದು ನಿಮ್ಮ ಹೃದಯದ ಮೇಲೆ.

ಚಕ್ಕೋತ ಮುಟ್ಟಬೇಡಿ. ಬೆಂಗಳೂರು ದಾಟಿ ಹೈದರಾಬಾದ್ ದಾರಿ ಹಿಡಿದವರಿಗೆ ಮೊದಲು ಸಿಗುವ ಊರು ದೇವನಹಳ್ಳಿ, ಅಲ್ಲಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೇ ಇದೆ, ರುಚಿಗೆ ಎರಡು ಮಾತಿಲ್ಲ. ಆದರೆ ಅದು ಗ್ರೇಪ್‌ಫ್ರೂಟಿನ ಹತ್ತಿರದ ನೆಂಟ, ಟ್ಯಾಕ್ರೋಲಿಮಸ್ಸನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನು ತಡೆದು ಔಷಧವನ್ನು ವಿಷದ ಮಟ್ಟಕ್ಕೆ ಏರಿಸಬಲ್ಲದು. ಕಾಶಿಗೆ ಹೋದವರು ಇಷ್ಟದ ಹಣ್ಣೊಂದನ್ನು ಬಿಟ್ಟು ಬರುವ ಪದ್ಧತಿ ಉಂಟಲ್ಲ, ನೀವು ಹೊರಡುವಾಗಲೇ ಇದನ್ನು ಬಿಟ್ಟುಬಿಡಿ.

ದಾರಿಯಲ್ಲಿ

ದಿನಕ್ಕೆ ಮುನ್ನೂರು ಕಿಲೋಮೀಟರ್ ಮೀರಬೇಡಿ, ಕತ್ತಲಾದ ಮೇಲೆ ಓಡಿಸಬೇಡಿ. ಟ್ಯಾಕ್ರೋಲಿಮಸ್‌ನಿಂದ ಕೈ ನಡುಗುವುದುಂಟು. ಕ್ಲಚ್ ಬಿಡುವಾಗ ಬೆರಳು ಕಂಪಿಸುವುದು ಕಂಡರೆ ಆ ದಿನ ಸವಾರಿ ಇಲ್ಲ. ತುಂಬುತೋಳಿನ ಜಾಕೆಟ್, ಕೈಗವಸು, ಮುಖಕ್ಕೆ ಸನ್‌ಸ್ಕ್ರೀನ್ ಯಾವಾಗಲೂ ಇರಲಿ, ಈ ಮಾತ್ರೆಗಳ ಮೇಲೆ ಇರುವವರಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರಿನ ಭಯ ಹೆಚ್ಚು. ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ಇದರಲ್ಲಿ ಚೌಕಾಸಿ ಇಲ್ಲ.

ಕಾಶಿಯಲ್ಲಿ

ಬೈಕನ್ನು ಗೋದೌಲಿಯಾದ ಬಹುಮಹಡಿ ದ್ವಿಚಕ್ರ ನಿಲ್ದಾಣದಲ್ಲಿ ಬಿಟ್ಟುಬಿಡಿ, 2021ರಲ್ಲಿ ತೆರೆದದ್ದು. ಗಲ್ಲಿಗಳಲ್ಲಿ ಗಾಡಿ ನುಗ್ಗಿಸುವುದು ಆರೋಗ್ಯವಂತರಿಗೂ ಬುದ್ಧಿಯ ಕೆಲಸವಲ್ಲ. ಕನ್ನಡಿಗರು ಇಳಿದುಕೊಳ್ಳುವ ಜಂಗಮವಾಡಿ ಮಠವೂ ಆ ಸುತ್ತಿನಲ್ಲೇ ಇದೆ.

ಗಂಗೆಯಲ್ಲಿ ಮುಳುಗಬೇಡಿ. ಮೂಗು, ಬಾಯಿ ಎರಡೂ ಆ ನೀರಿಗೆ ತಾಗಬಾರದು. ವಾರಾಣಸಿ ಎಂಬ ಹೆಸರಿಗೆ ಕಾರಣವೆನ್ನುವ ವರುಣಾ, ಅಸ್ಸಿ ಎರಡೂ ಇವತ್ತು ಊರಿನ ಕೊಳಚೆಯನ್ನು ತಂದು ಗಂಗೆಗೆ ಸೇರಿಸುತ್ತವೆ. ಭಕ್ತಿಗೆ ಇದರಿಂದ ಕುಂದು ಬರಬೇಕಿಲ್ಲ, ಕಾಯಿಲೆಯವರಿಗೆ ಮಂತ್ರಸ್ನಾನ ಸಾಕೆಂದು ಧರ್ಮಶಾಸ್ತ್ರವೇ ಒಪ್ಪುತ್ತದೆ. ಸಂಕಲ್ಪವನ್ನು ಮೆಟ್ಟಿಲ ಮೇಲೆ ನಿಂತು ಮಾಡಿ. ತೀರ್ಥ ಕೊಟ್ಟರೆ ಕೈಯೊಡ್ಡಿ ತಲೆಗೆ ಸವರಿಕೊಳ್ಳಿ, ಕುಡಿಯಬೇಡಿ, ಆಮೇಲೆ ಕೈ ತೊಳೆಯಿರಿ. ಹಸಿಹಾಲು, ಮೊಸರು ಸೇರಿದ ಪಂಚಾಮೃತಕ್ಕೂ ಇದೇ ನಿಯಮ. ಅರ್ಚಕರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಊರಿಗೆ ಗಂಗಾಜಲದ ಗಿಂಡಿ ತರಬಹುದು, ಬೆಸುಗೆ ಬಿಡಿಸಬೇಡಿ. ಕಾಶಿದಾರ ಕಟ್ಟಿಸಿಕೊಳ್ಳಿ, ಅಡ್ಡಿಯಿಲ್ಲ.

ಮಣಿಕರ್ಣಿಕಾ, ಹರಿಶ್ಚಂದ್ರ ಘಾಟುಗಳ ಚಿತೆಯ ಹೊಗೆಯ ಹತ್ತಿರ ನಿಲ್ಲಬೇಡಿ. ಘಾಟಿನ ಪಾರಿವಾಳಗಳ ನಡುವೆ ಕೂರಬೇಡಿ, ಅವುಗಳ ಹಿಕ್ಕೆಯಿಂದ ಬರುವ ಶಿಲೀಂಧ್ರ ಶ್ವಾಸಕೋಶ, ಮಿದುಳು ಎರಡನ್ನೂ ಹಿಡಿಯಬಲ್ಲದು. ಎನ್95 ಮುಸುಕು ಹಾಕಿಯೇ ಓಡಾಡಿ. ಘಾಟಿನ ಮೆಟ್ಟಿಲು ಇಳಿಯುವಾಗ ಯೋಚಿಸಿ, ಹತ್ತುವಾಗ ನಿಂತು ನಿಂತು ಹತ್ತಿ. ಕೋತಿ, ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ. ರೇಬೀಸ್ ಲಸಿಕೆಯಲ್ಲಿ ಜೀವಂತ ವೈರಾಣು ಇಲ್ಲ, ಹೆದರದೆ ಹಾಕಿಸಿಕೊಳ್ಳಿ. ಹಿಂದೆ ಲಸಿಕೆ ಆಗಿದ್ದರೂ ನಿಮಗೆ ಪೂರ್ತಿ ಚಿಕಿತ್ಸೆ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕೆಂದು ನೆನಪಿಸಿ.

ಊಟದಲ್ಲಿ ಒಂದೇ ಸೂತ್ರ: ಕಣ್ಣೆದುರಿಗೆ ಕುದಿದದ್ದು, ಕರಿದದ್ದು ಸರಿ, ಉಳಿದದ್ದು ಬೇಡ. ಎಣ್ಣೆಯಿಂದ ಎತ್ತಿದ ಕಚೋರಿ ಒಂದು ತಿನ್ನಿ, ಚಟ್ನಿ ಬಿಡಿ. ಕುಲ್ಹಡ್‌ನಲ್ಲಿ ಕುದಿವ ಚಹಾ ಕುಡಿಯಿರಿ, ಲಸ್ಸಿ ಬೇಡ. ಚಳಿಗಾಲದ ಮಲಯ್ಯೋ ನೋಡಿದರೆ ಯಾರಿಗಾದರೂ ಬಾಯಲ್ಲಿ ನೀರೂರುತ್ತದೆ. ಹಾಲು ಕಾಯಿಸಿ ರಾತ್ರಿಯೆಲ್ಲ ಬಯಲಿನ ಇಬ್ಬನಿಗೆ ಇಟ್ಟು ಬೆಳಿಗ್ಗೆ ಕಡೆದು ನೊರೆ ತೆಗೆಯುವ ತಿಂಡಿ ಅದು. ಇಡೀ ರಾತ್ರಿ ಬಯಲಲ್ಲಿದ್ದ ಹಾಲು ನಿಮಗಲ್ಲ. ಭಂಗ್ ಬೆರೆತ ಠಂಡೈ ಇಲ್ಲಿ ರಾಜಾರೋಷವಾಗಿ ಸಿಗುತ್ತದೆ. ಸವಾರನಿಗೂ ಅದು ಸಲ್ಲ, ನಿಮ್ಮ ಮಾತ್ರೆಗೂ ಸಲ್ಲ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಾಯಬೇಡಿ. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುವುದರಿಂದ ಚಳಿ, ಮೈಕೈ ಕುಸಿತ ಇದ್ದರೆ ಥರ್ಮಾಮೀಟರಿನ ಮಾತನ್ನೂ ನಂಬಬೇಡಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಗೆ ಹೋಗಿ. ಒಳಗೆ ಹೋಗುವಾಗಲೇ ನಿಮ್ಮ ಸಂಯೋಜಕರಿಗೆ ಫೋನ್ ಹಚ್ಚಿ ಅಲ್ಲಿನ ವೈದ್ಯರ ಕೈಗೆ ಕೊಡಿ.

ಹೃದಯ ಕೊಟ್ಟವರ ಹೆಸರಿನಲ್ಲಿ

ಹೃದಯ ಕೊಟ್ಟವರಿಗಾಗಿ ಏನಾದರೂ ಮಾಡಬೇಕೆಂಬ ಯೋಚನೆ ಕಾಶಿಗೆ ಬಂದವರಿಗೆ ಬಾರದೆ ಇರುವುದಿಲ್ಲ. ಅಂಗಾಂಗ ಕೊಡುವವರಲ್ಲಿ ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದವರು ಬಹಳ ಮಂದಿ, ಅವರಲ್ಲಿ ಬೈಕ್ ಸವಾರರು ಅನೇಕರು. 2008ರ ಸೆಪ್ಟೆಂಬರಿನಲ್ಲಿ ಚೆನ್ನೈ ಬಳಿ ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡ ಹದಿಹರೆಯದ ಹುಡುಗನ ಹೃದಯ ಬೆಂಗಳೂರಿನ ಬಾಲಕಿಯೊಬ್ಬಳಿಗೆ ಸೇರಿತು, ಅವನ ತಂದೆತಾಯಿ ಇಬ್ಬರೂ ವೈದ್ಯರು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನೂ ಮನೆಯವರು ಕೊಟ್ಟರು.

ದಾನಿಯ ಮನೆಯವರನ್ನು ಹುಡುಕಿಕೊಂಡು ಹೋಗಬೇಡಿ. ಪತ್ರಿಕೆಯ ಸುದ್ದಿ, ತಾರೀಖು ಹೊಂದಿಸಿ ವಿಳಾಸ ಪತ್ತೆ ಮಾಡುವುದು ಸುಲಭವಿರಬಹುದು, ಅದು ಅವರ ದುಃಖದ ಬಾಗಿಲು ಒಡೆದಂತೆ. ಕೃತಜ್ಞತೆ ಹೇಳಬೇಕೆನಿಸಿದರೆ ಸಂಯೋಜಕರ ಮೂಲಕ ಕೇಳಿ ನೋಡಿ. ಪಿಂಡ ಇಡಬೇಕೆನಿಸಿದರೆ ಇಡಿ. ಅಕಾಲದಲ್ಲಿ ಸತ್ತವರಿಗಾಗಿ ಪಿಶಾಚಮೋಚನ ಕುಂಡದಲ್ಲಿ ತ್ರಿಪಿಂಡಿ ಶ್ರಾದ್ಧ ಮಾಡಿಸುವ ರೂಢಿ ಇದೆ. ಹೆಸರು ಗೊತ್ತಿಲ್ಲವೆಂದು ಪುರೋಹಿತರಿಗೆ ಹೇಳಿ, ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವುದು ವಾಡಿಕೆ. ದಾನಿ ಯಾವ ಜಾತಿ, ಯಾವ ಧರ್ಮ ಎಂಬ ಪ್ರಶ್ನೆ ಬಂದರೆ ಅಲ್ಲಿಂದ ಎದ್ದು ಬನ್ನಿ.

ಜೊತೆಗೆ ಬಂದ ಸವಾರರಿಗೆ ಒಂದು ಕೋರಿಕೆ. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆಯ ಮೂಲಕವೋ, ಆಧಾರ್ ಇದ್ದರೆ ರಾಷ್ಟ್ರೀಯ ಸಂಸ್ಥೆ ನೋಟ್ಟೋದ ಜಾಲತಾಣದಲ್ಲೋ ಅಂಗಾಂಗ ದಾನಕ್ಕೆ ಹೆಸರು ನೋಂದಾಯಿಸಿ. ಹೃದಯವನ್ನು ಹೊರತೆಗೆದ ಮೇಲೆ ಇನ್ನೊಬ್ಬರ ಎದೆಯಲ್ಲಿ ಕೂರಿಸಲು ಸಿಗುವುದು ಸುಮಾರು ನಾಲ್ಕು ಗಂಟೆ, ಅದಕ್ಕೂ ಮೊದಲು ಮನೆಯವರು ಒಪ್ಪಬೇಕು. ನೋಂದಣಿ ಇದ್ದರೂ ಆಸ್ಪತ್ರೆ ಅವರ ಸಹಿ ಕೇಳುತ್ತದೆ. ಆದ್ದರಿಂದ ಗಾಡಿ ಹೊರಡಿಸುವ ಮುನ್ನ ನಿಮ್ಮ ಇಚ್ಛೆಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿ ಹೊರಡಿ.