ವಿಧಿಯೂ ಪುರುಷಪ್ರಯತ್ನವೂ

ಗುಂಡ್ಲುಪೇಟೆಯ ದಕ್ಷಿಣಕ್ಕೆ, ಬಂಡೀಪುರದ ಅರಣ್ಯಸೀಮೆಯಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ. ಅದರ ಎತ್ತರ 1454 ಮೀಟರು. ವರ್ಷದ ಬಹುಕಾಲ ಅದರ ನೆತ್ತಿಯನ್ನು ಮಂಜು ಮುಸುಕಿರುತ್ತದೆ. ಹಾದಿ ಎಲ್ಲಿ ತಿರುಗುವುದೆಂಬುದು ಏರುವವನಿಗೆ ಕಾಣದು. ಆದರೂ ಹೆಜ್ಜೆಯನ್ನು ಅವನೇ ಇಡಬೇಕು. ಮನುಷ್ಯನ ಬಾಳೂ ಇಂತಹುದೇ. “ಹಣೆಬರಹಕ್ಕೆ ಹೊಣೆ ಯಾರು?” ಎನ್ನುವ ನಮ್ಮ ಜನರೇ “ಮಾಡಿದ್ದುಣ್ಣೋ ಮಹಾರಾಯ” ಎಂದೂ ಹೇಳುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ನಿಜ? ರುದ್ರನಾಟಕಗಳು ಎತ್ತುವ ಪ್ರಶ್ನೆ ಇದೇ.

ಗ್ರೀಕ್ ನಾಟಕಕಾರನಾದ ಸಾಫೋಕ್ಲಿಸನ ‘ಈಡಿಪಸ್’ ನಾಟಕವನ್ನು ಪಿ. ಲಂಕೇಶರು ಕನ್ನಡಕ್ಕೆ ತಂದಿದ್ದಾರೆ. ತಂದೆಯನ್ನು ಕೊಂದು ತಾಯಿಯನ್ನು ವರಿಸುವನೆಂಬ ದೈವವಾಣಿಗೆ ಅಂಜಿ ಈಡಿಪಸನು ತನ್ನದೆಂದು ನಂಬಿದ್ದ ಊರನ್ನೇ ತೊರೆಯುತ್ತಾನೆ. ಆದರೆ ಆ ಓಟವೇ ಅವನನ್ನು ನಿಜವಾದ ತಂದೆಯ ಎದುರಿಗೆ ತಂದು ನಿಲ್ಲಿಸುತ್ತದೆ. ಅರಿಯದೆ ಘೋರಕೃತ್ಯ ನಡೆದುಹೋಗುತ್ತದೆ. ಮುಂದೆ ಅವನು ಆಳುವ ಥೀಬ್ಸ್ ನಗರಕ್ಕೆ ಮಾರಿಬೇನೆ ತಗಲಿದಾಗ, ಹಿಂದಿನ ದೊರೆಯ ಕೊಲೆಗಾರನನ್ನು ಹುಡುಕಲು ಅವನೇ ಪಣ ತೊಡುತ್ತಾನೆ. ಈ ಶೋಧವನ್ನು ಬಿಡೆಂದು ರಾಣಿಯು ಬೇಡಿಕೊಂಡರೂ ಬಿಡುವುದಿಲ್ಲ. ಸತ್ಯವು ಬಯಲಾದಾಗ ತನ್ನ ಕೈಯಿಂದಲೇ ತನ್ನ ಕಣ್ಣುಗಳನ್ನು ತಿವಿದುಕೊಳ್ಳುತ್ತಾನೆ. ಕೊಲೆಯು ವಿಧಿಲಿಖಿತವಾಗಿದ್ದಿರಬಹುದು, ಆದರೆ ಸತ್ಯವನ್ನು ಅರಸೆಂದು ಯಾವ ದೈವವೂ ಅವನನ್ನು ನಿರ್ಬಂಧಿಸಲಿಲ್ಲ. ಅದು ಅವನದೇ ಸಂಕಲ್ಪ.

ಇಂತಹುದೇ ಪ್ರಶ್ನೆಯನ್ನು ಬೇರೊಂದು ಬಗೆಯಲ್ಲಿ ಎತ್ತಿದ ನಾಟಕಕಾರನೊಬ್ಬನು ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿಯೇ ಹುಟ್ಟಿದನು. ಯಳಂದೂರು ಬಳಿಯ ಅಗರದಲ್ಲಿ 1898ರಲ್ಲಿ ಜನಿಸಿದ ಸ್ವಾಮಿ ವೆಂಕಟಾದ್ರಿ ಅಯ್ಯರ್ ‘ಸಂಸ’ ಎಂಬ ಹೆಸರಿನಿಂದ ಪ್ರಸಿದ್ಧರು. ಮೈಸೂರು ಅರಸರ ಚರಿತ್ರೆಯನ್ನು ಆಧರಿಸಿದ ಅವರ ‘ವಿಗಡ ವಿಕ್ರಮರಾಯ’ ಕನ್ನಡದ ಶ್ರೇಷ್ಠ ನಾಟಕಗಳಲ್ಲಿ ಒಂದು.

ದಳವಾಯಿ ವಿಕ್ರಮರಾಯನು ಸಮರ್ಥ, ಆದರೆ ಅಧಿಕಾರದಾಹಿ. 1638ರಲ್ಲಿ ಅವನು ಇಮ್ಮಡಿ ರಾಜ ಒಡೆಯರನ್ನು ವಿಷವಿಕ್ಕಿ ಕೊಲ್ಲಿಸಿದನೆಂದು ಇತಿಹಾಸವು ಹೇಳುತ್ತದೆ. ಮುಂದಿನ ಅರಸನೂ ತನ್ನ ಕೈಗೊಂಬೆಯಾಗುವನೆಂದು ಅವನು ಎಣಿಸಿದನು. ಆದರೆ ಗೋಪಾಲಸ್ವಾಮಿ ಬೆಟ್ಟದ ಸೀಮೆಯ ತೆರಕಣಾಂಬಿಯಲ್ಲಿದ್ದು, ಅಲ್ಲಿಂದ ಸಿಂಹಾಸನಕ್ಕೆ ಬಂದ ರಣಧೀರ ಕಂಠೀರವ ನರಸರಾಜ ಒಡೆಯರು ಯಾರಿಗೂ ಬಗ್ಗುವವರಾಗಿರಲಿಲ್ಲ. ಸ್ವಲ್ಪಕಾಲದಲ್ಲಿಯೇ ದಳವಾಯಿಯು ಹೊಸ ಅರಸರ ಕಡೆಯವರಿಂದ ಹತನಾದನು.

ಈಡಿಪಸನು ಅರಿಯದೆ ಮಾಡಿದನು. ವಿಕ್ರಮರಾಯನು ಅರಿತು ಮಾಡಿದನು. ವಿಷವಿಕ್ಕಿಸುವ ಮುನ್ನ ಅವನು ಸ್ವತಂತ್ರನಾಗಿದ್ದನು. ಬೇಡವೆನ್ನಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಕೃತ್ಯವು ಮುಗಿದ ಬಳಿಕ ಅದರ ಫಲವು ಅವನ ಅಂಕೆಯನ್ನು ಮೀರಿತು. ಅವನಿಗೆ ವಿಧಿಯಾಗಿ ಬಂದುದು ಅವನದೇ ಕರ್ಮ. ಅಷ್ಟೊಂದು ಸಾಮರ್ಥ್ಯವು ಹೀಗೆ ವ್ಯರ್ಥವಾಯಿತಲ್ಲಾ ಎಂಬ ಮರುಕವೂ ನಮ್ಮಲ್ಲಿ ಮೂಡದೆ ಇರದು.

ಈ ಎರಡು ನಾಟಕಗಳನ್ನು ಒಟ್ಟಿಗೆ ನೋಡಿದಾಗ ನಮ್ಮ ಜನರ ಎರಡು ಮಾತುಗಳಲ್ಲಿಯೂ ಸತ್ಯಾಂಶವಿರುವುದು ತಿಳಿಯುತ್ತದೆ. ಮನುಷ್ಯನು ಎಲ್ಲಿ ಹುಟ್ಟುವನು, ಯಾರನ್ನು ಎದುರುಗೊಳ್ಳುವನು ಎಂಬುದು ಅವನ ಕೈಯಲ್ಲಿಲ್ಲ. ಆದರೆ ಎದುರಿಗೆ ಬಂದುದಕ್ಕೆ ಹೇಗೆ ನಡೆದುಕೊಳ್ಳುವನೆಂಬುದು ಅವನಿಗೆ ಬಿಟ್ಟದ್ದು. ಮಂಜು ಬೆಟ್ಟದ್ದು, ಹೆಜ್ಜೆ ಏರುವವನದು.

ಅಭ್ಯಾಸ

1. ಈಡಿಪಸನು ತನ್ನ ಊರನ್ನು ತೊರೆಯಲು ಕಾರಣವೇನು?
2. ವಿಕ್ರಮರಾಯನ ಎಣಿಕೆ ಹೇಗೆ ತಪ್ಪಿತು?
3. “ಅವನಿಗೆ ವಿಧಿಯಾಗಿ ಬಂದುದು ಅವನದೇ ಕರ್ಮ” – ಈ ಮಾತನ್ನು ವಿವರಿಸಿರಿ.