ಹಾಸಿಗೆ ಎಷ್ಟು ಎಂಬುದಕ್ಕಿಂತ ಹಾಸಿಗೆ ಎಲ್ಲಿ ಎಂಬುದು



2021ರಲ್ಲಿ ಕೊರೋನಾದ ಎರಡನೆಯ ಅಲೆ ಬಂದಾಗ, ರೋಗಿಯನ್ನು ಆಂಬುಲೆನ್ಸ್‌ನಲ್ಲಿ ಮಲಗಿಸಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಕುಟುಂಬಗಳನ್ನು ನಾವಾರೂ ಮರೆತಿಲ್ಲ. 'ಹಾಸಿಗೆ ಖಾಲಿ ಇಲ್ಲ' ಎಂಬ ಆ ಮಾತು ಸಾಮಾನ್ಯ ದಿನಗಳಲ್ಲಿಯೂ ಕೇಳಿಬರುವುದುಂಟು. ಅದೇ ಹೊತ್ತಿಗೆ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಹಾಸಿಗೆಗಳು ಬರಿದಾಗಿರುವುದೂ ಉಂಟು. ಕೊರತೆ ಒಂದು ದೋಷವಾದರೆ, ಹಂಚಿಕೆಯ ತಪ್ಪು ಮತ್ತೊಂದು ದೋಷ. ಇವೆರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಈ ತಿಂಗಳು ಎರಡನೆಯ ದೋಷವನ್ನು ಕುರಿತು ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲಿಗೆ ಹಾಸಿಗೆ ಎಂದರೇನು? ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳುತ್ತದೆ. ಇವುಗಳಲ್ಲಿ ಒಂದು ಕುಂಟಿದರೂ ಚಿಕಿತ್ಸೆ ಕುಂಟುತ್ತದೆ. ಆದ್ದರಿಂದ ದಾದಿಯರಿಲ್ಲದ, ಔಷಧವಿಲ್ಲದ ಹಾಸಿಗೆ ಬರಿಯ ಮಂಚವೇ ಹೊರತು ಆಸ್ಪತ್ರೆಯ ಹಾಸಿಗೆಯಲ್ಲ. ಲೆಕ್ಕ ಹಾಕುವಾಗ ಮಂಚಗಳನ್ನಲ್ಲ, ನಾಲ್ಕೂ ಪಾದಗಳಿರುವ ಹಾಸಿಗೆಗಳನ್ನು ಎಣಿಸಬೇಕು.

ಇರುವ ಸಾಧನಗಳನ್ನು ಹೇಗೆ ಹಂಚಿದರೆ ಹೆಚ್ಚಿನ ಪ್ರಯೋಜನವಾಗುತ್ತದೆ ಎಂಬುದನ್ನು ಕಂಡುಹಿಡಿಯುವ ಗಣಿತವೊಂದಿದೆ. ಅದಕ್ಕೆ ಆಪ್ಟಿಮೈಸೇಶನ್ ಎನ್ನುತ್ತಾರೆ. ರಷ್ಯಾದ ಕಾಂಟೊರೋವಿಚ್ 1939ರಲ್ಲಿ, ಅಮೆರಿಕದ ಡಾಂಟ್ಜಿಗ್ 1947ರಲ್ಲಿ ಇದಕ್ಕೆ ಭದ್ರವಾದ ಬುನಾದಿ ಹಾಕಿದರು. ಡಾಂಟ್ಜಿಗ್ ಅವರ ವಿಧಾನವನ್ನು ಮೊದಮೊದಲು ಪರೀಕ್ಷಿಸಿದ್ದು, ಅತಿ ಕಡಿಮೆ ಖರ್ಚಿನಲ್ಲಿ ದೇಹಕ್ಕೆ ಬೇಕಾದ ಪೋಷಕಾಂಶಗಳನ್ನೆಲ್ಲ ಒದಗಿಸುವ ಆಹಾರ ಯಾವುದು ಎಂಬ ಪ್ರಶ್ನೆಯ ಮೇಲೆ. ಈ ಗಣಿತಕ್ಕೆ ನಾವು ಎರಡು ಸಂಗತಿಗಳನ್ನು ತಿಳಿಸಬೇಕು. ನಮ್ಮ ಗುರಿ ಯಾವುದು ಎಂಬುದು ಒಂದು. ಮೀರಬಾರದ ಮಿತಿಗಳು ಯಾವುವು ಎಂಬುದು ಇನ್ನೊಂದು. ಉತ್ತರವನ್ನು ಅದು ಕೊಡುತ್ತದೆ. ಗುರಿಯನ್ನು ಮಾತ್ರ ಅದು ಆರಿಸಿಕೊಡಲಾರದು.

ಒಂದು ಉದಾಹರಣೆಯನ್ನು ನೋಡೋಣ. ಒಂದು ಆಸ್ಪತ್ರೆಯಲ್ಲಿ 10 ಹಾಸಿಗೆಗಳಿವೆ. ಸರಾಸರಿ 8 ಹಾಸಿಗೆಗಳಿಗೆ ಸಾಕಾಗುವಷ್ಟು ರೋಗಿಗಳು ಬರುತ್ತಾರೆ ಎಂದುಕೊಳ್ಳಿ. ಎರಡು ಹಾಸಿಗೆ ಸದಾ ಉಳಿಯುತ್ತವೆ ಎಂದು ತೋರಬಹುದು. ಆದರೆ ರೋಗವು ಪಂಚಾಂಗ ನೋಡಿ ಬರುವುದಿಲ್ಲ. ಒಂದು ದಿನ ಐವರು, ಇನ್ನೊಂದು ದಿನ ಹದಿಮೂವರು ಬಂದಾರು. ಡೆನ್ಮಾರ್ಕಿನ ಎರ್ಲಾಂಗ್ ಎಂಬವರು ದೂರವಾಣಿ ತಂತಿಗಳಿಗಾಗಿ ರೂಪಿಸಿದ ಸೂತ್ರದಂತೆ ಎಣಿಸಿದರೆ, ಇಲ್ಲಿ ಸುಮಾರು 8 ಜನರಲ್ಲಿ ಒಬ್ಬರಿಗೆ ಹಾಸಿಗೆ ಸಿಗುವುದಿಲ್ಲ. ಇಂತಹ ಎರಡು ಆಸ್ಪತ್ರೆಗಳ ಹಾಸಿಗೆಗಳನ್ನು ಒಂದುಗೂಡಿಸಿ 20 ಹಾಸಿಗೆ, 16ರ ಬೇಡಿಕೆ ಎಂದು ಎಣಿಸಿದರೆ, ಹಾಗೆ ಹಿಂದಿರುಗುವವರು ಸುಮಾರು 15 ಜನರಲ್ಲಿ ಒಬ್ಬರು ಮಾತ್ರ. ಒಂದು ಹಾಸಿಗೆಯನ್ನೂ ಹೊಸದಾಗಿ ಕೊಳ್ಳದೆ, ಹಾಸಿಗೆ ಸಿಗದವರ ಪ್ರಮಾಣ ಅರ್ಧದಷ್ಟಾಯಿತು!

ಹಾಗಾದರೆ ಎಲ್ಲ ಹಾಸಿಗೆಗಳನ್ನೂ ಒಂದೇ ಕಡೆ ಇಟ್ಟುಬಿಡೋಣವೇ? ಇಲ್ಲಿ ದೂರದ ಪ್ರಶ್ನೆ ಬರುತ್ತದೆ. 60,000 ಜನರ ಒಂದು ಪಟ್ಟಣ. ಅಲ್ಲಿಂದ 40 ಕಿ.ಮೀ. ದೂರದಲ್ಲಿ 8,000 ಜನರ ಒಂದು ಗ್ರಾಮ. 'ಸರಾಸರಿ ದೂರ ಕಡಿಮೆಯಾಗಲಿ' ಎಂದು ಕೇಳಿದರೆ, ಗಣಿತವು ಎಲ್ಲ ಹಾಸಿಗೆಗಳನ್ನೂ ಪಟ್ಟಣದಲ್ಲಿಡು ಎನ್ನುತ್ತದೆ. ಆಗ ಸರಾಸರಿ ದೂರ 5 ಕಿ.ಮೀ.ಗಿಂತಲೂ ಕಡಿಮೆ. ಕಾಗದದ ಮೇಲೆ ಬಹಳ ಚೆಂದ. ಆದರೆ ಗ್ರಾಮದ ಗರ್ಭಿಣಿಗೆ ದೂರ 40 ಕಿ.ಮೀ.ಯೇ, ಸರಾಸರಿಯ ಮೇಲೆ ಯಾರೂ ಪ್ರಯಾಣ ಮಾಡುವುದಿಲ್ಲ. 'ಅತಿ ದೂರದವರ ಕಷ್ಟ ಕಡಿಮೆಯಾಗಲಿ' ಎಂದು ಕೇಳಿದರೆ, ನಡುದಾರಿಯಲ್ಲಿ ಆಸ್ಪತ್ರೆ ಕಟ್ಟು ಎಂಬ ಉತ್ತರ ಬರುತ್ತದೆ. ಆಗ ಎಲ್ಲರೂ 20 ಕಿ.ಮೀ. ನಡೆಯಬೇಕು, ಅದೂ ಜಾಣತನವಲ್ಲ.

ಸರಿಯಾದ ದಾರಿ ಇವೆರಡರ ನಡುವೆ ಇದೆ. ತುರ್ತುಚಿಕಿತ್ಸೆಗೂ ಹೆರಿಗೆಗೂ ಯಾರೂ ಇಂತಿಷ್ಟು ದೂರವನ್ನು ಮೀರಿ ಹೋಗಬಾರದೆಂಬುದನ್ನು ಮೊದಲು ಮಿತಿಯಾಗಿ ನಿಲ್ಲಿಸಬೇಕು. ಆ ಬಳಿಕವೇ, ಕಾಯಬಹುದಾದ ಚಿಕಿತ್ಸೆಗಳ ಹಾಸಿಗೆಗಳನ್ನು ಒಂದೆಡೆ ಕೂಡಿಸಬೇಕು. 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಆಶಯವೂ ಇದಕ್ಕೆ ಹೊಂದುತ್ತದೆ. 1,000 ಜನರಿಗೆ 2 ಹಾಸಿಗೆಗಳಿರಬೇಕೆಂದು ಹೇಳಿ ಅದು ನಿಲ್ಲಲಿಲ್ಲ; ಅವು ಜೀವ ಉಳಿಸುವ ಮೊದಲ ಗಂಟೆಯೊಳಗೆ ಎಟುಕುವಂತಿರಬೇಕು ಎಂದಿತು. ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ, ಗುಡ್ಡಗಾಡಿನಲ್ಲಿ 20,000 ಜನರಿಗೇ ಒಂದು ಎಂಬ ನಿಯಮದ ಹಿಂದಿರುವುದೂ ಇದೇ ವಿವೇಕ. ನಮ್ಮ ರಾಜ್ಯದಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ರಾಜ್ಯದ ಸರಾಸರಿಯ ಮರೆಯಲ್ಲಿ ತಾಲ್ಲೂಕಿನ ಕೊರತೆ ಅಡಗಿರುತ್ತದೆ ಎಂಬುದನ್ನು ಆ ವರದಿ ಕಣ್ಣಿಗೆ ಕಟ್ಟುವಂತೆ ತೋರಿಸಿತು.

ಇದರಿಂದ ಭಕ್ತರಾದ ನಮಗೇನು? ಹಾಸಿಗೆ, ಕೊಠಡಿ, ಆಂಬುಲೆನ್ಸ್‌ಗಳನ್ನು ದಾನ ಮಾಡುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟು. ದಾನಕ್ಕೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ. ಈ ಹಾಸಿಗೆಯ ಬಳಿ ಇರುಳೂ ಇರುವ ದಾದಿ ಯಾರು? ಇಲ್ಲಿಗೆ ಅತಿ ದೂರದಿಂದ ಬರುವ ರೋಗಿ ಎಷ್ಟು ಹೊತ್ತಿನಲ್ಲಿ ತಲುಪಬಲ್ಲನು? ಈಗಿರುವ ಹಾಸಿಗೆಗಳು ತುಂಬಿರುತ್ತವೆಯೋ, ಬರಿದಾಗಿರುತ್ತವೆಯೋ? ಹಲವು ವೇಳೆ ಹತ್ತನೆಯ ಮಂಚಕ್ಕಿಂತ ಒಬ್ಬ ದಾದಿಯ ವೇತನವೇ ದೊಡ್ಡ ದಾನವಾದೀತು. ಇನ್ನು, ನಮ್ಮ ಮನೆಯವರು ಚೇತರಿಸಿಕೊಂಡು, ವೈದ್ಯರು ಊರ ಹತ್ತಿರದ ಆಸ್ಪತ್ರೆಗೆ ಹೋಗಬಹುದು ಎಂದಾಗ, 'ಇಲ್ಲಿಯೇ ಇನ್ನೆರಡು ದಿನ ಇರಲಿ' ಎಂದು ಹಟ ಹಿಡಿಯದಿರೋಣ. ನಾವು ಬಿಟ್ಟುಕೊಟ್ಟ ಹಾಸಿಗೆ ಬಾಗಿಲಲ್ಲಿ ಕಾಯುತ್ತಿರುವ ಮತ್ತೊಬ್ಬರದು.

ದಾಸೋಹದಲ್ಲಿ ಬಡಿಸುವವರು ಎದುರಿನ ಎಲೆಯನ್ನಷ್ಟೇ ನೋಡುವುದಿಲ್ಲ. ಪಂಕ್ತಿಯ ಕೊನೆಯ ಎಲೆಗೂ ಅನ್ನ ಮುಟ್ಟಿತೇ ಎಂದು ನೋಡುತ್ತಾರೆ. ಹಾಸಿಗೆಯ ಲೆಕ್ಕದಲ್ಲಿಯೂ ಗುರಿ ಅದೇ ಆಗಿರಲಿ. ಗುರಿ ಸರಿಯಾಗಿದ್ದರೆ ಗಣಿತವು ಒಳ್ಳೆಯ ಪರಿಚಾರಕನಂತೆ ದುಡಿಯುತ್ತದೆ.